ಬೆನ್ನು ತೋರಿಸಿ ಕೂರುವ ಕಾಕರಣೆ ಹಕ್ಕಿ: ನಾನು ಹುಡುಕುವ ರೀತಿ

ಕಾಕರಣೆ ಹಕ್ಕಿಯ (ಇಂಗ್ಲಿಷಿನಲ್ಲಿ ಮಲಬಾರ್ ಟ್ರೋಗನ್) ಫೋಟೊ ನೋಡಿದವರು, ಇಷ್ಟು ಬಣ್ಣದ ಹಕ್ಕಿ ಕಣ್ಣಿಗೆ ಬೀಳದೇ ಇರುತ್ತಾ ಅಂತ ನನ್ನನ್ನು ಕೇಳುತ್ತಾರೆ. ಗಂಡಿಗೆ ಕರಿ ತಲೆ, ಕಣ್ಣಿನ ಸುತ್ತ ನೀಲಿ, ಎದೆಗೆ ಬಿಳಿ ಪಟ್ಟಿ, ಅದರ ಕೆಳಗೆಲ್ಲ ಕಡುಗೆಂಪು. ಆದರೆ ಬೆನ್ನು ಒಣಗಿದ ಎಲೆಯ ಬಣ್ಣ. ನಮ್ಮ ಸುಳಿವು ಸಿಕ್ಕರೆ ಅದು ಹಾರುವುದಕ್ಕಿಂತ ಬೆನ್ನು ತಿರುಗಿಸಿ ಕೂರುವುದೇ ಜಾಸ್ತಿ. ಹೆಣ್ಣಿಗೆ ಹೊಟ್ಟೆಯೂ ಕಂದು ಹಳದಿ, ಅದನ್ನು ಗುರುತಿಸುವುದು ಇನ್ನೂ ಕಷ್ಟ.

ಹಾಗಾಗಿ ದಾಂಡೇಲಿ, ಜೋಯಿಡಾ ಕಡೆಯ ಕಾಡಿನಲ್ಲಿ ನಾನು ಕೆಂಪು ಬಣ್ಣ ಹುಡುಕುವುದನ್ನೇ ಬಿಟ್ಟಿದ್ದೇನೆ. ಮರಗಳ ನಡು ಎತ್ತರದಲ್ಲಿ ಅಡ್ಡ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತೇನೆ. ನೆಟ್ಟಗೆ ಕೂತ ಮೈ, ನೇರ ಕೆಳಗೆ ಇಳಿಬಿಟ್ಟ ಉದ್ದ ಬಾಲ ಕಂಡರೆ ಅಲ್ಲೇ ನಿಲ್ಲುತ್ತೇನೆ. ಅದಕ್ಕೂ ಮೊದಲು ಕಿವಿ ಕೆಲಸ ಮಾಡಬೇಕು. ಗಂಡು ಒಂದೇ ಲಯದಲ್ಲಿ ಕ್ಯೂ ಕ್ಯೂ ಕ್ಯೂ ಎನ್ನುತ್ತದೆ. ಬೆದರಿದಾಗ ಗಂಟಲಲ್ಲೇ ಕಿರ್ರ್ ಎನ್ನುತ್ತದೆ. ಈ ಎರಡನೆಯ ದನಿ ಕೇಳಿದರೆ ನಾನು ಹಿಂದೆ ಸರಿಯುತ್ತೇನೆ. ಮಳೆಗಾಲ ಮುಗಿದ ಮೇಲೆ ಕಾಜಾಣ, ಮರಕುಟಿಗಗಳೆಲ್ಲ ಒಟ್ಟಾಗಿ ಹುಳ ಹಿಡಿಯುತ್ತಾ ಸಾಗುವ ಗುಂಪು ಎದುರಾದರೆ ಅವಸರ ಮಾಡಬೇಡಿ. ಕೊನೆಯ ಹಕ್ಕಿ ಹೋಗುವ ತನಕ ಕಾಯಿರಿ. ಕಾಕರಣೆಯೂ ಆ ಗುಂಪಿನ ಜೊತೆಗಿರಬಹುದು. ಸುಮ್ನೆ ಕೂತಂತೆ ಕಾಣುತ್ತದೆ, ಥಟ್ಟನೆ ಹಾರಿ ಎಲೆಗೆ ಅಂಟಿದ ಕಂಬಳಿಹುಳವನ್ನೋ ಕಡ್ಡಿಹುಳವನ್ನೋ ಕಿತ್ತುಕೊಂಡು ಬರುತ್ತದೆ.

ಕಾಲು ನೋಡಲು ಸಿಕ್ಕರೆ ಬಿಡಬೇಡಿ. ಮರಕುಟಿಗದಂತೆ ಎರಡು ಬೆರಳು ಮುಂದೆ, ಎರಡು ಹಿಂದೆ. ಆದರೆ ಮರಕುಟಿಗದ ಹೊರಬೆರಳು ಹಿಂದಕ್ಕೆ ತಿರುಗಿದ್ದರೆ, ಇದರದ್ದು ಒಳಬೆರಳು. ಇಂಥ ಪಾದ ಬೇರೆ ಯಾವ ಹಕ್ಕಿ ಕುಟುಂಬಕ್ಕೂ ಇಲ್ಲ. ಮಧ್ಯ ಅಮೆರಿಕದ ಕ್ವೆಟ್ಸಲ್ ಕೂಡ ಇದೇ ಕುಟುಂಬದ್ದು.

ಫೆಬ್ರವರಿಯಿಂದ ಮೇ ತನಕ ಗೂಡಿನ ಕಾಲ. ಆಗ ನಾನು ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವವರ ಜೊತೆ ಕಾಡಿಗೆ ಹೋಗುವುದಿಲ್ಲ. ಗೂಡಿನ ಫೋಟೊ ತೆಗೆಯುವುದಿಲ್ಲ, ಗೂಡಿನ ಜಾಗ ಹೇಳುವುದೂ ಇಲ್ಲ. ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. ಒಂದು ಎದ್ದು ಹೋದರೆ ಅಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ ತೋಟ, ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇರುವವರಿಗೆ. ಇದರ ಕೊಕ್ಕಿಗೆ ಮರಕುಟಿಗದ ಬಲ ಇಲ್ಲ. ಹಸಿ ಮರ ಕೊರೆಯಲಾರದು. ಗೂಡಿಗೆ ಲಡ್ಡು ಹಿಡಿದು, ಅಂದರೆ ಕೊಳೆತು, ಪುಡಿಯಾಗುವ ಮೋಟುಮರವೇ ಬೇಕು. ಅದರಲ್ಲೂ ಪೊಟರೆ ಮಾಡಲು ಜೋಡಿಗೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ನಾವು ಸೌದೆಗೆ ಅಂತ, ಚೊಕ್ಕಟ ಮಾಡಲು ಅಂತ ಮೊದಲು ಉರುಳಿಸುವುದು ಅಂಥ ಮರವನ್ನೇ. ಕಾಡಿನ ಅಂಚಿನ ಬೆಟ್ಟದಲ್ಲಿ ಆಳೆತ್ತರದ ಲಡ್ಡು ಮೋಟು ಕಂಡರೆ ದಯವಿಟ್ಟು ಹಾಗೇ ಬಿಡಿ. ಉರಿಸಿದರೂ ಅದರಿಂದ ಒಂದು ಹಂಡೆ ನೀರು ಕಾಯುವುದಿಲ್ಲ.