ಸಣ್ಣ ವಿಮಾನಕ್ಕೆ ರೇಡಿಯೋ ಆಂಟೆನಾ ಆರ್ಸೋದು, ಟೆಸ್ಟ್ ಮಾಡೋದು: ಬೋಟಿನ ವೈರ್‌ಲೆಸ್‌ನವನ ಅನುಭವ

ನಂದು ಕಾರವಾರದ ಬೈತಖೋಲ್ ಬಂದರಲ್ಲಿ ಬೋಟುಗಳಿಗೆ ವೈರ್‌ಲೆಸ್ಸು, ಫಿಶ್ ಫೈಂಡರ್, ಜಿಪಿಎಸ್ ಕೂರ್ಸಿ ಕೊಡೋ ಕೆಲ್ಸ. ವಿಮಾನಕ್ಕೂ ನಂಗೂ ಎಂತ ಸಂಬಂಧ ಅಂತೀರಾ, ಶಿರಸಿ ಕಡೆ ನಮ್ಮ ಭಾವನ ಹತ್ರ ಎರಡು ಸೀಟಿನ ಮೈಕ್ರೋಲೈಟ್ ಉಂಟು, ಇಬ್ರು ಸ್ನೇಹಿತರ ಜೊತೆ ಪಾಲಲ್ಲಿ ತಗೊಂಡಿದ್ದು, ಅದು ನಿಲ್ಲೋದು ಘಟ್ಟದ ಮೇಲೆ ದೂರದ ಒಂದು ಏರ್‌ಸ್ಟ್ರಿಪ್ಪಲ್ಲಿ. ನಮ್ಮಲ್ಲಿ ಒಂದ್ಕಡೆ ನೌಕಾಪಡೆಯ ಸೀಬರ್ಡ್, ಇನ್ನೊಂದ್ಕಡೆ ಕೈಗಾ ಅಣುಸ್ಥಾವರ, ಹೇಳದೆ ಕೇಳದೆ ಹಾರಾಡೋ ಜಾಗ ಅಲ್ವಲ್ಲ ಇದು. ಒಂದಿನ ಫೋನ್ ಮಾಡಿ "ಭಾವ, ರೇಡಿಯೋದಲ್ಲಿ ನನ್ನ ಮಾತು ಕೆಳಗಿದ್ದವ್ಕೆ ಗೊರಗೊರ ಹೇಳಿ ಕೇಳ್ತಡ, ನಿನ್ನ ಬೋಟಿನ ಆಂಟೆನಾ ಒಂದು ಕೊಡು" ಅಂದ. ನಾನೂ ಯೋಚ್ನೆ ಮಾಡ್ದೆ ಕೊಟ್ಟು ಕಳ್ಸಿದೆ ನೋಡಿ, ಅದೇ ತಪ್ಪು.

ಆಮೇಲೆ ನಾನೇ ನ್ಯಾನೋವಿಎನ್‌ಎ ಅಂತ ಆಂಟೆನಾ ಅಳೆಯೋ ಪುಟ್ಟ ಯಂತ್ರ ಹಿಡ್ಕೊಂಡು ಹೋಗಿ ನೋಡಿದ್ರೆ ಪರದೆ ಮೇಲೆ ಗೆರೆ 157 ಮೆಗಾಹರ್ಟ್ಸ್ ಹತ್ರ ಚೆಂದ ಗುಂಡಿ ಬಿದ್ದಿದೆ, ವಿಮಾನದವ್ರು ಮಾತಾಡೋ ಜಾಗದಲ್ಲಿ ಮಾತ್ರ ಗುಡ್ಡ ಹತ್ತಿ ಕೂತಿದೆ, ಎಸ್‌ಡಬ್ಲ್ಯೂಆರ್ (ಕಳ್ಸಿದ ಪವರ್ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ, 1ಕ್ಕೆ ಹತ್ರ ಇದ್ದಷ್ಟು ಒಳ್ಳೇದು) 6 ದಾಟಿದೆ. ಬೋಟಿನ ವಿಎಚ್‌ಎಫ್ 156ರಿಂದ 162 ಮೆಗಾಹರ್ಟ್ಸ್ ಒಳಗೆ, ಚಾನೆಲ್ 16 ಅಂದ್ರೆ 156.8, ಅದೂ ಎಫ್‌ಎಂ. ವಿಮಾನದ್ದು 118ರಿಂದ 137, ಎಎಂ. ಎರಡಕ್ಕೂ ವಿಎಚ್‌ಎಫ್ ಅಂತ ಹೆಸ್ರು ಒಂದೇ ಆದ ಮಾತ್ರಕ್ಕೆ ಆಂಟೆನಾ ಒಂದೇ ಆಗಲ್ಲ. ಲೆಕ್ಕ ಸುಲಭ, 7500ನ್ನು ಮೆಗಾಹರ್ಟ್ಸಿಂದ ಭಾಗಿಸಿದ್ರೆ ಕಾಲು ತರಂಗದ ಉದ್ದ ಸೆಂಟಿಮೀಟರಲ್ಲಿ ಸಿಗುತ್ತೆ, ಅದರಲ್ಲಿ ನೂರಕ್ಕೆ 5 ಕಳೀರಿ. ಬ್ಯಾಂಡಿನ ನಡುಮಧ್ಯೆ 127.5 ಹಿಡಿದ್ರೆ ಸುಮಾರು 56 ಸೆಂಟಿಮೀಟರ್. ಬೋಟಿಂದು 45 ಚಿಲ್ರೆ.

ಆರ್ಸೋವಾಗ ಜನ ಆಂಟೆನಾದ ಕಡ್ಡಿ ನೋಡ್ತಾರೆ, ನಾನು ಹೇಳೋದು ಮೊದ್ಲು ವಿಮಾನದ ಚರ್ಮ ನೋಡಿ ಅಂತ. ಕಾಲು ತರಂಗದ ಕಡ್ಡಿ ಅಂದ್ರೆ ಅರ್ಧ ಆಂಟೆನಾ ಅಷ್ಟೇ, ಉಳಿದರ್ಧ ಅದರ ಬುಡದ ಲೋಹದ ಹಾಸು, ಗ್ರೌಂಡ್ ಪ್ಲೇನ್. ಅಲ್ಯೂಮಿನಿಯಂ ತಗಡಿನ ಸೆಸ್ನಾ ತರದ್ದಾದ್ರೆ ಅದು ತಾನಾಗೇ ಸಿಕ್ತು, ಬಗ್ಗಿದ ಕಡ್ಡಿ, ಅದೇ ಬೆಂಟ್ ವಿಪ್, ಸಾಕು, ದುಡ್ಡಿದ್ರೆ ಮತ್ತು ವಿಮಾನ ಜೋರು ಹೋಗೋದಾದ್ರೆ ಬ್ಲೇಡ್ ಹಾಕಿ. ಭಾವಂದು ಪೈಪಿನ ಚೌಕಟ್ಟಿಗೆ ಬಟ್ಟೆ ಹೊದ್ಸಿದ್ದು, ಹಳೇ ಕಡ್ಡಿಯನ್ನ ಯಾರೋ ಅಂಗೈಯಗಲದ ತಗಡಿಗೆ ಬೋಲ್ಟ್ ಮಾಡಿ ಬಿಟ್ಟಿದ್ರು, ಗೊರಗೊರಕ್ಕೆ ಮೂಲ ಅಲ್ಲೇ ಇತ್ತು. ಬಟ್ಟೆ ವಿಮಾನಕ್ಕೆ ಕಡ್ಡಿ ಬುಡದಿಂದ ನಾಲ್ಕು ದಿಕ್ಕಿಗೆ ಕನಿಷ್ಠ ನಾಲ್ಕು ಅಲ್ಯೂಮಿನಿಯಂ ಪಟ್ಟಿ, ಒಂದೊಂದೂ ಅದೇ 56 ಸೆಂಟಿಮೀಟರ್, ಬಟ್ಟೆ ಒಳಗಡೆ ಕೊಡ್ಬೇಕು, ಎಲ್ಲಾ ಬುಡದಲ್ಲಿ ಗಟ್ಟಿಯಾಗಿ ಸೇರ್ಬೇಕು.

ಫೈಬರ್‌ಗ್ಲಾಸ್ ಬಾಡಿ ಆದ್ರೆ ನನ್ನ ಆಯ್ಕೆ ಬಾಲದ ನಿಂತ ರೆಕ್ಕೆ ಒಳಗೆ ತಾಮ್ರದ ಟೇಪಿನ ಡೈಪೋಲ್, ಎರಡು ಕಾಲು, ಒಂದೊಂದು 56ರ ಆಸುಪಾಸು, ಕೇಬಲ್ ಬಂದು ಸೇರೋ ಜಾಗದ ಹತ್ರ ಕೇಬಲ್ಲಿಗೆ ಎರಡು ಮೂರು ಫೆರೈಟ್ ಉಂಗುರ, ಕೇಬಲ್ಲೇ ಆಂಟೆನಾ ಆಗದ ಹಾಗೆ. ಹಾಸೂ ಬೇಡ, ಗಾಳಿಗೆ ಅಡ್ಡಾನೂ ಇಲ್ಲ. ಕಾರ್ಬನ್ ಫೈಬರ್ ಒಳಗೆ ಮಾತ್ರ ಇಡ್ಬೇಡಿ, ಅದು ಸಿಗ್ನಲ್ಲನ್ನ ತಡೆಯುತ್ತೆ. ಕೈಯಲ್ಲಿ ಹಿಡಿಯೋ ಸೆಟ್ಟಿನ ರಬ್ಬರ್ ಆಂಟೆನಾ ತುರ್ತಿಗಷ್ಟೇ. ಅಂದಹಾಗೆ ಸರ್ಟಿಫೈಡ್ ವಿಮಾನ ಆದ್ರೆ ಅಪ್ರೂವ್ಡ್ ಆಂಟೆನಾನೇ ಬೇಕು, ಕೆಲ್ಸಕ್ಕೆ ಲೈಸೆನ್ಸ್ ಇರೋ ಎಂಜಿನಿಯರ್ ಸಹಿ ಬೇಕು, ನನ್ನಂತ ಬೋಟಿನವ್ರು ತೂತು ಕೊರೆಯೋ ಹಾಗಿಲ್ಲ. ಭಾವನ ವಿಮಾನದಲ್ಲೂ ನಾನು ಅಳೆದಿದ್ದಷ್ಟೇ, ಕೂರ್ಸಿದ್ದು ಅದನ್ನ ನೋಡ್ಕೊಳ್ಳೋ ಎಂಜಿನಿಯರು.

ಜಾಗ ಎಲ್ಲಿ? ಮೇಲೆ ಹಾಕಿದ್ರೆ ನೆಲದಲ್ಲಿರೋವಾಗ ಟವರ್ ಜೊತೆ ಚೆನ್ನಾಗಿ ಮಾತಾಡ್ಬಹುದು, ಹೊಟ್ಟೆ ಕೆಳಗೆ ಹಾಕಿದ್ರೆ ಹಾರೋವಾಗ ಕೆಳಗಿನವ್ರಿಗೆ ಚೆನ್ನಾಗಿ ಕೇಳುತ್ತೆ ಆದ್ರೆ ಚಕ್ರದ ಕಾಲುಗಳ ನೆರಳು ಬೀಳುತ್ತೆ, ಹುಲ್ಲಿನ ಸ್ಟ್ರಿಪ್ ಆದ್ರೆ ಕಡ್ಡಿ ಮುರಿಯೋದೂ ಉಂಟು. ನಿಂತ ಕಡ್ಡಿ ಆದಷ್ಟು ನೆಟ್ಟಗೆ ಇರ್ಲಿ. ಎರಡು ರೇಡಿಯೋ ಇದ್ರೆ ಆಂಟೆನಾಗಳ ನಡುವೆ ಒಂದೂವರೆ ಮೀಟರಾದ್ರೂ ಬಿಡಿ, ಜಿಪಿಎಸ್ ಆಂಟೆನಾ ಒಂದು ಮೀಟರಾದ್ರೂ ದೂರ.

ಕೇಬಲ್ ವಿಷ್ಯದಲ್ಲಿ ಜುಗ್ಗತನ ಬೇಡ. 50 ಓಮಿನ ಕೋಆಕ್ಸ್ (ನಡುವೆ ತಂತಿ, ಸುತ್ತ ಜಾಲರಿ ಇರೋ ಕೇಬಲ್) ಬೇಕು, ಆರ್‌ಜಿ 400 ಸಿಕ್ಕಿದ್ರೆ ಕಣ್ಮುಚ್ಚಿ ತಗೊಳ್ಳಿ, ಎರಡು ಪದರ ಜಾಲರಿ, ಟೆಫ್ಲಾನ್, ಬಿಸಿಗೆ ಕರಗಲ್ಲ. ಮನೆ ಡಿಶ್ಶಿನ ಕೇಬಲ್ 75 ಓಮ್, ನೋಡೋಕೆ ಹಂಗೇ ಇರುತ್ತೆ, ಹಾಕ್ಬೇಡಿ. ನಾನು ನೋಡಿರೋ "ರೇಡಿಯೋ ಹಾಳಾಗಿದೆ" ಕೇಸುಗಳಲ್ಲಿ, ಬೋಟಲ್ಲಾಗ್ಲಿ ಇಲ್ಲಾಗ್ಲಿ, ಹೆಚ್ಚಿನವು ಬಿಎನ್‌ಸಿ ಅನ್ನೋ ಕೇಬಲ್ ತುದಿಯ ಕನೆಕ್ಟರೊಳಗೆ ಮುಗೀತವೆ. ಭಾವನ ಕೇಬಲ್ ತುದಿ ಬಿಚ್ಚಿದ್ರೆ ಜಾಲರಿ ಹಸಿರಾಗಿ ಪುಡಿಪುಡಿ ಉದುರ್ತು, ನಮ್ಮ ಟ್ರಾಲರ್ ಬೋಟಲ್ಲಿ ನಾಲ್ಕು ಮಳೆಗಾಲ ಕಂಡ ಕೇಬಲ್ ಥರ.

ಇನ್ನು ಟೆಸ್ಟು. ಮೊದ್ಲು ಮಲ್ಟಿಮೀಟರ್: ಆಂಟೆನಾ ಬಿಚ್ಚಿ ಕೇಬಲ್ಲಿನ ನಡುವಿನ ತಂತಿಗೂ ಜಾಲರಿಗೂ ಶಾರ್ಟ್ ಇರ್ಬಾರ್ದು, ಈ ತುದಿಯಿಂದ ಆ ತುದಿಗೆ ಕಂಟಿನ್ಯುಯಿಟಿ ಇರ್ಬೇಕು. ಕೆಲವು ಆಂಟೆನಾ ಒಳಗೆ ಡಿಸಿಗೆ ಶಾರ್ಟೇ ತೋರ್ಸುತ್ತೆ, ಮಾಡಿದ್ದೇ ಹಾಗೆ, ಡೇಟಾಶೀಟ್ ನೋಡ್ದೆ ಬಿಸಾಡ್ಬೇಡಿ. ಬುಡಕ್ಕೂ ತಗಡಿಗೂ ನಡುವಿನ ಬಾಂಡಿಂಗ್, ಅಂದ್ರೆ ಜೋಡಣೆಯ ರೆಸಿಸ್ಟೆನ್ಸ್, ಮಿಲಿಓಮ್ ಲೆಕ್ಕದಲ್ಲಿರ್ಬೇಕು, 2.5 – 3ರ ಒಳಗೆ, ಸಾದಾ ಮೀಟರಿಗೆ ಅದು ಕಾಣಲ್ಲ, ಅದ್ರ ಮೀಟರೇ ಬೇರೆ.

ಆಮೇಲೆ ವಿಎನ್‌ಎ. ವಿಮಾನಾನ ಹ್ಯಾಂಗರಿಂದ ಹೊರಗೆ ಬಯಲಿಗೆ ತಳ್ಳಿ, ತಗಡಿನ ಗೋಡೆ ಪಕ್ಕ ಅಳೆದ್ರೆ ಗೋಡೆನೂ ಸೇರಿಸಿ ಅಳೆದ ಹಾಗೆ. ಓಪನ್, ಶಾರ್ಟ್, ಲೋಡ್ ಅನ್ನೋ ಮೂರೂ ಅಳತೆ ತುದಿ ಹಾಕಿ ಕ್ಯಾಲಿಬ್ರೇಟ್ ಮಾಡಿ, 115ರಿಂದ 140ರವರೆಗೆ ಓಡ್ಸಿ. ಇಡೀ ಬ್ಯಾಂಡಲ್ಲಿ ಎಸ್‌ಡಬ್ಲ್ಯೂಆರ್ 2ರ ಒಳಗೆ ಬಂದ್ರೆ ಹಬ್ಬ, ತುದಿಗಳಲ್ಲಿ 2.5 ಆದ್ರೂ ನಡೀತದೆ, 3 ಅಂದ್ರೆ ಕಳ್ಸಿದ ಪವರಲ್ಲಿ ಕಾಲು ಭಾಗ ವಾಪಸ್. ಗುಂಡಿ ಬ್ಯಾಂಡಿಗಿಂತ ಕೆಳಗೆ ಬಿದ್ರೆ ಕಡ್ಡಿ ಉದ್ದ ಆಯ್ತು, ಮೇಲೆ ಬಿದ್ರೆ ಗಿಡ್ಡ.

ಇಲ್ಲೊಂದು ಮೋಸ ಉಂಟು: ಕೇಬಲ್ ಕೆಟ್ಟು ಸಿಗ್ನಲ್ ನುಂಗ್ತಾ ಇದ್ರೆ ಎಸ್‌ಡಬ್ಲ್ಯೂಆರ್ ಚೆಂದಾನೇ ಕಾಣುತ್ತೆ, ವಾಪಸ್ ಬರೋದನ್ನೂ ಅದೇ ನುಂಗುತ್ತಲ್ಲ. ಕೇಬಲ್ ಒಂದು ದಿಕ್ಕಿಗೆ 3 ಡಿಬಿ, ಅಂದ್ರೆ ಅರ್ಧ ಪವರ್, ನುಂಗಿದ್ರೆ, ತುದಿಯಲ್ಲಿ ಆಂಟೆನಾನೇ ಇಲ್ದಿದ್ರೂ ಮೀಟರ್ 3 ಅಂತಷ್ಟೇ ತೋರ್ಸುತ್ತೆ. ಅದಕ್ಕೇ ಒಂದ್ಸಲ ಆಂಟೆನಾ ಬಿಚ್ಚಿಟ್ಟು ಅಳೀರಿ, ಆಗ ಸಂಖ್ಯೆ ಸಿಕ್ಕಾಪಟ್ಟೆ ಮೇಲೆ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಕೇಬಲ್ ಕಳ್ಳ. ಇನ್ನೊಂದು, ಅಳೀತಾ ಕೇಬಲ್ಲನ್ನ ಕೈಯಲ್ಲಿ ಹಿಡೀರಿ. ಕಡ್ಡಿ ಹತ್ರ ಕೈ ತಂದಾಗ ಗೆರೆ ಅಲ್ಲಾಡೋದು ಸಹಜ, ಕೇಬಲ್ ಮುಟ್ಟಿದ್ರೂ ಅಲ್ಲಾಡಿದ್ರೆ ಹಾಸು ಸಾಕಾಗಿಲ್ಲ, ಕೇಬಲ್ಲೇ ಆಂಟೆನಾ ಆಗ್ತಾ ಇದೆ ಅಂತ ಅರ್ಥ. ಕನೆಕ್ಟರ್ ಹಿಡಿದು ಅಲುಗಾಡ್ಸಿನೂ ನೋಡಿ. ವಿಎನ್‌ಎ ಸಿಕ್ಕಿಸಿರೋವಾಗ ಪಕ್ಕದ ರೇಡಿಯೋದ ಪಿಟಿಟಿ (ಮಾತಾಡೋಕೆ ಒತ್ತೋ ಬಟನ್) ಯಾರೂ ಒತ್ಬಾರ್ದು, ಉಪಕರಣ ಸತ್ತೇ ಹೋಗುತ್ತೆ. ಆಂಟೆನಾ ಇಲ್ದೆ ಟ್ರಾನ್ಸ್‌ಮಿಟ್ಟೂ ಬೇಡ.

ರೇಡಿಯೋ ಜೋಡ್ಸಿದ ಮೇಲೆ ಸ್ಕ್ವೆಲ್ಚ್ (ಮಾತಿಲ್ಲದಾಗ ಗೊರಗೊರ ಮುಚ್ಚೋದು) ತೆಗೆದು ಎಂಜಿನ್ ಬಂದಾಗಿರೋವಾಗ ಒಮ್ಮೆ, ಸ್ಟಾರ್ಟ್ ಮಾಡಿ ಒಮ್ಮೆ ಕೇಳಿ. ಟಿಕಟಿಕ ಹೆಚ್ಚಾದ್ರೆ ಇಗ್ನಿಷನ್, ಆರ್‌ಪಿಎಂ ಜೊತೆ ಏರೋ ಕುಂಯ್ ಶಬ್ದ ಆದ್ರೆ ಚಾರ್ಜಿಂಗ್ ಕಡೆಯದ್ದು, ಆಂಟೆನಾನ ಬೈಬೇಡಿ. ಲೈಸೆನ್ಸ್ ಇರೋವ್ರು ಮಾತ್ರ ಮಾತಾಡಿ, ಮೊದ್ಲು ಕೇಳಿಸ್ಕೊಂಡು ಚಾನೆಲ್ ಖಾಲಿ ಇದ್ರೆ ರೇಡಿಯೋ ಚೆಕ್ ಕೇಳಿ, ಉತ್ತರ 1ರಿಂದ 5ರಲ್ಲಿ ಬರುತ್ತೆ, 5 ಅಂದ್ರೆ ಸ್ಪಷ್ಟ. 121.5 ಮುಟ್ಬೇಡಿ, ಅದು ಆಪತ್ತಿಗೆ. ಜಿಪಿಎಸ್ ಇದ್ರೆ ಎಂಜಿನಿಯರಿಂದ ಇನ್ನೊಂದು ಟೆಸ್ಟ್ ಮಾಡ್ಸಿ: 121.15, 121.175, 121.2 ಮತ್ತೆ 131.25, 131.275, 131.3, ಇವುಗಳಲ್ಲಿ ಅರ್ಧ ನಿಮಿಷ ಪಿಟಿಟಿ ಒತ್ತಿದಾಗ ಜಿಪಿಎಸ್ ಪರದೆಯಲ್ಲಿ ಉಪಗ್ರಹಗಳ ಸಿಗ್ನಲ್ ಕಂಬ ಕುಸೀತವಾ ಅಂತ ನೋಡ್ಬೇಕು. 131.25ನ್ನು 12ರಿಂದ ಗುಣಿಸಿ ನೋಡಿ, 1575, ಜಿಪಿಎಸ್ ಕೂತಿರೋದು 1575.42ರಲ್ಲಿ, ರೇಡಿಯೋ ಜೊತೆ ಸಣ್ಣಗೆ ಹೊರಡೋ ಇಂಥ ಮಡಿ ತರಂಗ ಅದ್ರ ಮೇಲೇ ಬೀಳಬಹುದು.

ಕೊನೆಗೆ ಹಾರಿ ನೋಡೋದು. 1000 ಅಡಿಯಲ್ಲಿ ನೇರ ದೃಷ್ಟಿ 39 ನಾಟಿಕಲ್ ಮೈಲಿ, 3000 ಅಡಿಗೆ 67, ನಡುವೆ ಗುಡ್ಡ ಇಲ್ದಿದ್ರೆ. ನಮ್ಮ ಘಟ್ಟದ ಕಡೆ ಗುಡ್ಡ ಇದ್ದೇ ಇರುತ್ತೆ, ಅದನ್ನ ಆಂಟೆನಾ ತಲೆಗೆ ಕಟ್ಬೇಡಿ. ಹೇಳಿ ಒಪ್ಪಿಗೆ ತಗೊಂಡು ಒಂದಷ್ಟು ದೂರ ಹೋಗಿ ರೆಕ್ಕೆ ಹೆಚ್ಚು ಬಾಗಿಸದೆ ಪೂರ್ತಿ ಒಂದು ಸುತ್ತು ತಿರುಗ್ತಾ, ಪ್ರತಿ 45 ಡಿಗ್ರಿಗೆ ಹೆಡಿಂಗ್, ಅಂದ್ರೆ ಮೂಗಿನ ದಿಕ್ಕು, ಹೇಳಿ, ಎಷ್ಟು ಸ್ಪಷ್ಟ ಕೇಳ್ತು ಅಂತ ಕೆಳಗಿನವ್ರು ಬರ್ಕೊಳ್ಳಲಿ. ಭಾವನ ಹಾಳೆಯಲ್ಲಿ ಎಲ್ಲಾ ಕಡೆ 5, ಮೂಗು ನಮ್ಮ ಕಡೆ ಇದ್ದಾಗ ಮಾತ್ರ 4, ಎಂಜಿನ್ ಅಡ್ಡ ಬರುತ್ತಲ್ಲ, ಬಿಟ್ಟುಬಿಟ್ವಿ.

ಕರಾವಳಿಯಲ್ಲಿ ವಿಮಾನ ಇಡೋವ್ರಿಗೆ ಒಂದು ಮಾತು: ಗ್ಯಾಸ್ಕೆಟ್ ಸುತ್ತ ಸಿಲಿಕಾನ್ ಬಳಿಯೋವಾಗ ವಿನೆಗರ್ ವಾಸನೆ ಬರೋದನ್ನ ಹಾಕ್ಬೇಡಿ, ಆ ಆಸಿಡ್ಡು ಅಲ್ಯೂಮಿನಿಯಂ ತಿನ್ನುತ್ತೆ, ನ್ಯೂಟ್ರಲ್ ಕ್ಯೂರ್ ಕೇಳಿ ತಗೊಳ್ಳಿ. ಕೇಬಲ್ ಕನೆಕ್ಟರಿಗೆ ಬರೋ ಮುಂಚೆ ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ವಿಎನ್‌ಎ ಪರದೆಯ ಫೋಟೋ ತೆಗೆದು ತಾರೀಕು ಹಾಕಿಡಿ, ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆದು ಪಕ್ಕಪಕ್ಕ ಇಟ್ಟು ನೋಡಿ, ಗೆರೆ ಜಾರಿದ್ರೆ ಮೊದ್ಲು ಬುಡದ ಸ್ಕ್ರೂಗಳನ್ನೇ ಬಿಚ್ಚಿಸಿ.