ಬೇಡದ ಆಟಗಳನ್ನು ಅಳಿಸಬೇಡಿ, ಮರೆಮಾಡಿ

ಚಿಕ್ಕಮಗಳೂರಿನ ಜಡಿಮಳೆಗೆ ಮನೆಯಲ್ಲೇ ಉಳಿದ ಮಕ್ಕಳಿಗೆಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹಳೆಯ ವಿಡಿಯೊ ಆಟಗಳನ್ನು ಆಡಿಸುವ ರೆಟ್ರೋಪೈ ತಂತ್ರಾಂಶ ಹಾಕಿಕೊಂಡಿರುವ ಸದಸ್ಯರು, ಆಟಗಳ ಪಟ್ಟಿ ಉದ್ದವಾಯಿತೆಂದು ಕಡತಗಳನ್ನೇ ಅಳಿಸದಿರುವುದು ಒಳ್ಳೆಯದು. ಆರ್ಕೇಡ್ ಆಟಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳ ಆಟಗಳಲ್ಲಿ, ಒಂದು ಆವೃತ್ತಿಯು ಅದರ ಮೂಲ ಆವೃತ್ತಿಯ ಜಿಪ್ ಕಡತವನ್ನು ಅವಲಂಬಿಸಿರುವುದುಂಟು. ಮೂಲವನ್ನು ಅಳಿಸಿದರೆ ನಿಮಗೆ ಬೇಕಾದ ಆಟವೇ ತೆರೆಯುವುದಿಲ್ಲ. ನಾನೂ ಹೀಗೆ ಅಳಿಸಿ ಒಂದು ಸಂಜೆ ಕಳೆದುಕೊಂಡಿದ್ದೇನೆ.

ಆಟದ ಹೆಸರಿನ ಮೇಲೆ ನಿಂತು ಸೆಲೆಕ್ಟ್ ಗುಂಡಿ ಒತ್ತಿ, ಮೆಟಾಡೇಟಾ (ಆಟದ ವಿವರ) ತಿದ್ದುವ ಆಯ್ಕೆಯಲ್ಲಿ 'ಹಿಡನ್' ಎಂಬುದನ್ನು ಆನ್ ಮಾಡಿ ಉಳಿಸಿರಿ. ಇಷ್ಟಾದರೂ ಆಟ ಕಾಣುತ್ತಿದ್ದರೆ ಗಾಬರಿ ಬೇಡ. ಸ್ಟಾರ್ಟ್ ಒತ್ತಿ, ಯುಐ ಸೆಟ್ಟಿಂಗ್ಸ್‌ನಲ್ಲಿ 'ಫುಲ್' ಎಂಬ ವಿಧಾನದ ಬದಲಿಗೆ 'ಕಿಯಾಸ್ಕ್' ವಿಧಾನ ಆರಿಸಿದಾಗ ಮಾತ್ರ ಅದು ಮರೆಯಾಗುತ್ತದೆ. ಮರಳಿ 'ಫುಲ್'ಗೆ ಬರಲು ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಒತ್ತಬೇಕು. ಇದು ಕೊನಾಮಿ ಕಂಪನಿಯ 1986ರ ಗ್ರಾಡಿಯಸ್ ಆಟದಿಂದ ಬಂದ ಕೊನಾಮಿ ಸಂಕೇತ. ಹಳಬರ ಬೆರಳುಗಳಿಗೆ ನೆನಪಿದ್ದೀತು.

ನೂರಾರು ಆಟಗಳಿದ್ದರೆ ಆಟಗಳ ವಿವರಗಳಿರುವ ಗೇಮ್‌ಲಿಸ್ಟ್ ಕಡತವನ್ನೇ ತಿದ್ದಬಹುದು. ಆದರೆ ಮೊದಲು, ರೆಟ್ರೋಪೈನಲ್ಲಿ ಆಟಗಳ ಪಟ್ಟಿ ತೋರಿಸುವ ಎಮ್ಯುಲೇಷನ್‌ಸ್ಟೇಷನ್‌ನಿಂದ ಹೊರಬನ್ನಿ. ಇಲ್ಲವಾದರೆ ಅದು ಮುಚ್ಚುವಾಗ ತನ್ನ ಹಳೆಯ ಮಾಹಿತಿಯನ್ನು ನಿಮ್ಮ ತಿದ್ದುಪಡಿಯ ಮೇಲೆ ಬರೆದುಬಿಡಬಹುದು.