ಗೋ ಭಾಷೆಯ ಅರೇ ಬಗ್ಗೆ ಡಾಕ್ಯುಮೆಂಟೇಶನ್ ಬರೆದದ್ದು: ನನ್ನ ಅನುಭವ

ನಮ್ಮ ಟೀಮಿಗೆ ಹೊಸದಾಗಿ ಸೇರುವವರಿಗೆ ಗೋ ಪ್ರೋಗ್ರಾಮಿಂಗ್ ಭಾಷೆಯ ಅರೇ (ಒಂದೇ ಬಗೆಯ ಹಲವು ಬೆಲೆಗಳನ್ನು ಸಾಲಾಗಿ ಇಡುವ ಜಾಗ) ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಪುಟ ಬರೆಯುವ ಕೆಲಸ ನನಗೆ ಬಂತು. ಅರೇ ತಾನೇ, ಅದರಲ್ಲೇನಿದೆ ಅನ್ನಿಸಬಹುದು. ಆದರೆ ಸೇರುವವರು ಯಾರೂ ಪ್ರೋಗ್ರಾಮಿಂಗಿಗೆ ಹೊಸಬರಲ್ಲ. ಕೆಲವರು ಜಾವಾ ಬರೆದು ಬಂದವರು, ಕೆಲವರು ಪೈಥಾನ್. ಅರೇ ಅಂದರೆ ಏನು ಅಂತ ಅವರಿಗೆ ಆಗಲೇ ಗೊತ್ತು. ತೊಂದರೆ ಇರುವುದೇ ಅಲ್ಲಿ.

ಜಾವಾದಲ್ಲಿ ಒಂದು ಅರೇಯನ್ನು ಇನ್ನೊಂದು ವೇರಿಯೇಬಲ್‌ಗೆ ಹಾಕಿದರೆ ಎರಡು ಹೆಸರಿಗೂ ಅರೇ ಒಂದೇ. ಗೋದಲ್ಲಿ ಇಡೀ ಅರೇ ಕಾಪಿ ಆಗುತ್ತದೆ, ಫಂಕ್ಷನ್‌ಗೆ ಕಳಿಸಿದರೂ ಅಷ್ಟೇ, ಒಳಗೆ ಏನೇ ಬದಲಾಯಿಸಿದರೂ ಹೊರಗಿನದು ಹಾಗೇ ಇರುತ್ತದೆ. ಪೈಥಾನ್‌ನವರ ಕಥೆ ಉಲ್ಟಾ. ಅಲ್ಲಿ ಲಿಸ್ಟಿನಿಂದ ಸ್ಲೈಸ್, ಅಂದರೆ ಒಂದು ತುಂಡು, ತೆಗೆದರೆ ಹೊಸ ಲಿಸ್ಟ್ ಸಿಗುತ್ತದೆ. ಗೋದಲ್ಲಿ ಸ್ಲೈಸ್ ತೆಗೆದರೆ ಕೆಳಗಿರುವುದು ಅದೇ ಹಳೇ ಅರೇ. ಹಾಗಾಗಿ ವ್ಯಾಖ್ಯೆ ಪಕ್ಕಕ್ಕಿಟ್ಟು, ಪುಟದ ಶುರುವಿನಲ್ಲೇ ಈ ಎರಡು ವಿಷಯ ಬರೆದೆ. ಸಾಲಾಗಿ ಜೋಡಿಸಿದ ಡಬ್ಬಿಗಳ ಚಿತ್ರ ಎಲ್ಲರೂ ಹಾಕುತ್ತಾರಲ್ವಾ, ಅದನ್ನು ಬೇಕಂತಲೇ ಬಿಟ್ಟೆ. ಆ ಡಬ್ಬಿಗಳನ್ನು ಇನ್ಯಾರು ಬಳಸುತ್ತಿದ್ದಾರೆ ಅಂತ ಆ ಚಿತ್ರ ಹೇಳುವುದೇ ಇಲ್ಲ.

ಅರೇ ಭಾಗ ಬೇಗ ಮುಗಿಯಿತು. ಗೋದಲ್ಲಿ ಅರೇಯ ಉದ್ದವೂ ಅದರ ಟೈಪಿನಲ್ಲೇ ಸೇರಿದೆ. ಮೂರು ಇಂಟ್‌ಗಳ (ಪೂರ್ಣಾಂಕಗಳ) ಅರೇ ಒಂದು ಟೈಪ್, ನಾಲ್ಕರದ್ದು ಇನ್ನೊಂದು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಲು ಕಂಪೈಲರ್ ಬಿಡುವುದಿಲ್ಲ. ದಿನನಿತ್ಯದ ಕೋಡಿನಲ್ಲಿ ಹೇಗೂ ಸ್ಲೈಸೇ ಜಾಸ್ತಿ.

ಸ್ಲೈಸ್ ಒಳಗೆ ಇರುವುದು ಮೂರೇ: ಅರೇಯಲ್ಲಿ ಎಲ್ಲಿಂದ ಶುರು ಅಂತ ತೋರಿಸುವ ಪಾಯಿಂಟರ್, ಲೆಂತ್ (ಸ್ಲೈಸಿನಲ್ಲಿ ಈಗ ಎಷ್ಟಿವೆ), ಕೆಪಾಸಿಟಿ (ಅದೇ ಅರೇಯಲ್ಲಿ ಎಷ್ಟರವರೆಗೆ ಬೆಳೆಯಬಹುದು). 64 ಬಿಟ್ ಮಷೀನಿನಲ್ಲಿ ಒಟ್ಟು 24 ಬೈಟ್. ಸ್ಲೈಸನ್ನು ಫಂಕ್ಷನ್‌ಗೆ ಕಳಿಸಿದಾಗ ಕಾಪಿ ಆಗುವುದೂ ಇಷ್ಟೇ. ಕೆಪಾಸಿಟಿಯನ್ನು ಸ್ಪೀಡಿನ ವಿಷಯ ಅಂದುಕೊಂಡು ಕೊನೆಗೆ ತಳ್ಳುವವರು ಜಾಸ್ತಿ. ನಾನು ಅಪೆಂಡ್‌ಗಿಂತ (ಸ್ಲೈಸಿನ ಕೊನೆಗೆ ಹೊಸದನ್ನು ಸೇರಿಸುವುದು) ಮುಂಚೆಯೇ ಇಟ್ಟೆ, ಯಾಕಂದರೆ ಅದು ತಿಳಿಯದೆ ಅಪೆಂಡ್ ಅರ್ಥವೇ ಆಗುವುದಿಲ್ಲ.

ಪುಟದ ಮುಖ್ಯ ಉದಾಹರಣೆ ಇದು. 1ರಿಂದ 5ರವರೆಗೆ ಐದು ಸಂಖ್ಯೆಗಳ ಒಂದು ಸ್ಲೈಸ್. ಅದರ ಮೊದಲ ಮೂರನ್ನು ಬೇರೆ ಸ್ಲೈಸ್ ಆಗಿ ತೆಗೆಯಿರಿ. ಅದರ ಲೆಂತ್ 3, ಆದರೆ ಕೆಪಾಸಿಟಿ 5. ಈಗ ಅದಕ್ಕೆ 99 ಅಪೆಂಡ್ ಮಾಡಿ. ಮೂಲದಲ್ಲಿ ಈಗ ಏನಿದೆ? ಉತ್ತರ ಕೆಳಗೆ ಕೊಡುವ ಮುಂಚೆ ಇಲ್ಲಿ ನಿಂತು ಊಹಿಸಿ ಅಂತ ಬರೆದೆ. ಮೂಲ 1, 2, 3, 99, 5 ಆಗಿರುತ್ತದೆ: ಕೆಪಾಸಿಟಿಯಲ್ಲಿ ಜಾಗ ಇದ್ದದ್ದರಿಂದ 99 ಅದೇ ಅರೇಯಲ್ಲಿ ಕೂತಿತು, 4 ಹೋಯಿತು. ಅದೇ ಮೂರರ ಸ್ಲೈಸಿಗೆ ಒಂದೇ ಸಲ ಮೂರು ಸಂಖ್ಯೆ ಅಪೆಂಡ್ ಮಾಡಿದ್ದರೆ ಒಟ್ಟು ಆರು ಜಾಗ ಬೇಕು, ಇರುವುದು ಐದು, ಆದ್ದರಿಂದ ಹೊಸ ಅರೇ ಮಾಡಿಕೊಂಡು ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡುತ್ತದೆ, ಮೂಲಕ್ಕೆ ಏನೂ ಆಗುವುದಿಲ್ಲ. ಒಮ್ಮೆ ಹಳೆಯದು ಬದಲಾಗುತ್ತದೆ, ಒಮ್ಮೆ ಇಲ್ಲ. ಟೆಸ್ಟಿನಲ್ಲಿ ಸಿಗದೆ ಪ್ರೊಡಕ್ಷನ್‌ನಲ್ಲಿ ಕಾಡುವ ಬಗ್ ಇಂಥದ್ದೇ. ತಪ್ಪಿಸಲು ದಾರಿ ಇದೆ: ಗೋ 1.2 ಆವೃತ್ತಿಯಿಂದ ಸ್ಲೈಸ್ ತೆಗೆಯುವಾಗ ಎಲ್ಲಿಂದ, ಎಲ್ಲಿಯವರೆಗೆ ಅನ್ನುವುದರ ಜೊತೆ ಮೂರನೇ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಕೊಟ್ಟು ಕೆಪಾಸಿಟಿಯನ್ನೂ 3ಕ್ಕೇ ನಿಲ್ಲಿಸಬಹುದು. ಆಗ ಮೊದಲ ಅಪೆಂಡ್‌ಗೇ ಹೊಸ ಅರೇ.

ಕೆಪಾಸಿಟಿ ಎಷ್ಟೆಷ್ಟು ಬೆಳೆಯುತ್ತದೆ ಅಂತ ಒಂದು ಟೇಬಲ್ ಹಾಕಿ ಅಂತ ಒಬ್ಬ ಸಹೋದ್ಯೋಗಿ ಹಟ ಹಿಡಿದಿದ್ದರು. ಹಾಕಲಿಲ್ಲ. ಭಾಷೆಯ ಸ್ಪೆಸಿಫಿಕೇಶನ್ (ಅಧಿಕೃತ ನಿಯಮಗಳ ದಾಖಲೆ) ಆ ಲೆಕ್ಕದ ಬಗ್ಗೆ ಯಾವ ಮಾತೂ ಕೊಟ್ಟಿಲ್ಲ. 2022ರಲ್ಲಿ ಬಂದ ಗೋ 1.18ರಲ್ಲಿ ಅದು ಬದಲಾಗಿಯೂ ಆಯಿತು. ಜಾಗ ಸಾಲದಿದ್ದರೆ ಹೊಸ ಅರೇ, ಅಷ್ಟು ಗೊತ್ತಿದ್ದರೆ ಸಾಕು.

ಉದಾಹರಣೆಗಳನ್ನು ಸುಮ್ನೆ ಟೈಪ್ ಮಾಡಿ ಬಿಡಲಿಲ್ಲ. ಗೋದಲ್ಲಿ ಎಕ್ಸಾಂಪಲ್ ಫಂಕ್ಷನ್ ಬರೆದು, ಬರಬೇಕಾದ ಔಟ್‌ಪುಟ್ಟನ್ನು ಕಾಮೆಂಟಿನಲ್ಲಿ ಕೊಟ್ಟರೆ ಗೋ ಟೆಸ್ಟ್ ಅನ್ನುವ ಕಮಾಂಡ್ ಅದನ್ನು ಓಡಿಸಿ ತಾಳೆ ನೋಡುತ್ತದೆ. ಯಾರಾದರೂ ಕೋಡ್ ತಿದ್ದಿ ಔಟ್‌ಪುಟ್ ಮರೆತರೆ ಟೆಸ್ಟ್ ಫೇಲ್.

ಕೊನೆಗೆ ಒಂದು ಪ್ಯಾರಾ ಸೇರಿಸಿದ್ದು ಫ್ರಂಟ್‌ಎಂಡ್‌ನವರ (ಬಳಕೆದಾರರಿಗೆ ಕಾಣುವ ಭಾಗ ಬರೆಯುವವರ) ಕಾಟಕ್ಕೆ. ನಿಲ್ ಸ್ಲೈಸಿನ (ಇನ್ನೂ ಯಾವ ಅರೇಯನ್ನೂ ತೋರಿಸದ ಸ್ಲೈಸ್) ಲೆಂತ್ 0, ಅದಕ್ಕೆ ಅಪೆಂಡ್ ಕೂಡ ಮಾಡಬಹುದು, ಹೀಗೆ ಬಳಸುವಾಗ ಖಾಲಿ ಸ್ಲೈಸಿಗೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಜೇಸನ್‌ಗೆ (ಪ್ರೋಗ್ರಾಂಗಳು ಡೇಟಾ ಹಂಚಿಕೊಳ್ಳುವ ಪಠ್ಯ ರೂಪ) ಬದಲಾಯಿಸಿದಾಗ ನಿಲ್ ಆಗಿದ್ದರೆ ನಲ್ ಅಂತ ಹೋಗುತ್ತದೆ, ಖಾಲಿ ಸ್ಲೈಸ್ ಆಗಿದ್ದರೆ ಖಾಲಿ ಬ್ರಾಕೆಟ್ ಹೋಗುತ್ತದೆ. ಇದು ಅರೇ ವಿಷಯವೇ ಅಲ್ಲ ಅಂತ ವಾದ ಮಾಡಬಹುದು. ಆದರೆ ಜನ ಹುಡುಕಿಕೊಂಡು ಬರುವುದು ಇದೇ ಪುಟಕ್ಕೆ.